ಫ್ಲಾರೆನ್ಸ್ ನೈಟಿಂಗೇಲಳೂ ಆಕೆಯ ಸಂಗಡಿಗರೂ

ಕೈಯಲ್ಲಿ ದೀಪವನ್ನು ಹಿಡಿದು ರೋಗಿಗಳ ಮಂಚಗಳ ನಡುವೆ ಒಬ್ಬಳೇ ನಡೆದುಹೋಗುವ ಫ್ಲಾರೆನ್ಸ್ ನೈಟಿಂಗೇಲಳ ಚಿತ್ರವನ್ನು ನೋಡದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ವಿರಳ. ಆದರೆ ಆಕೆಯು ಒಬ್ಬಳೇ ಇರಲಿಲ್ಲ. ಆಕೆಗೊದಗಿದ ಕಷ್ಟಗಳಲ್ಲಿ ಎಷ್ಟೋ ಸಂಗಡಿಗರಿಂದಲೇ ಬಂದುವು. ಕೆಲಸವು ಕೈಗೂಡಿದುದೂ ಅವರಿಂದಲೇ. ಜೀವನಚರಿತ್ರೆಯ ಆ ಭಾಗವನ್ನೇ ಇಲ್ಲಿ ಹೇಳಬಯಸುತ್ತೇವೆ.

ಆಕೆಯು 1820ನೆಯ ಇಸವಿ ಮೇ 12ರಂದು ಇಟಲಿಯ ಫ್ಲಾರೆನ್ಸ್ ಪಟ್ಟಣದಲ್ಲಿ ಸಿರಿವಂತರಾದ ಆಂಗ್ಲ ತಂದೆತಾಯಿಗಳಿಗೆ ಹುಟ್ಟಿ, ಮನೆಯವರ ಇಷ್ಟಕ್ಕೆ ವಿರೋಧವಾಗಿ ರೋಗಿಶುಶ್ರೂಷೆಯನ್ನು ಕಲಿತಳು. ಕ್ರೈಮಿಯಾ ಯುದ್ಧದಲ್ಲಿ ಗಾಯಗೊಂಡವರ ದುರವಸ್ಥೆಯು ಇಂಗ್ಲೆಂಡಿಗೆ ತಿಳಿದಾಗ ಮಂತ್ರಿಯಾದ ಸಿಡ್ನಿ ಹರ್ಬರ್ಟನು ಆಕೆಯ ನೆರವನ್ನು ಬೇಡಿದನು. 1854ನೆಯ ಅಕ್ಟೋಬರ್ 21ರಂದು 38 ಮಂದಿ ಸ್ತ್ರೀಯರೊಡನೆ ಲಂಡನಿನಿಂದ ಹೊರಟು, ನವೆಂಬರ್ 4ರಂದು ತುರ್ಕಿಯ ಸ್ಕುಟಾರಿಯನ್ನು ಸೇರಿದಳು.

ಈ 38 ಮಂದಿಯಾದರೋ ಒಂದೇ ಬಗೆಯವರಲ್ಲ. 10 ಮಂದಿ ರೋಮನ್ ಕಥೋಲಿಕ ಕನ್ಯಾಸ್ತ್ರೀಯರು. 14 ಮಂದಿ ಆಂಗ್ಲಿಕನ್ ಸಭೆಯ ಎರಡು ಸಂಸ್ಥೆಗಳವರು. ಉಳಿದ 14 ಮಂದಿ ಆಸ್ಪತ್ರೆಗಳಲ್ಲಿ ಸಂಬಳಕ್ಕೆ ದುಡಿದ ದಾದಿಯರು. ಒಬ್ಬರ ಪ್ರಾರ್ಥನೆಯು ಇನ್ನೊಬ್ಬರಿಗೆ ಸಂಶಯ. ಒಬ್ಬರ ಮಾತಿನ ಒರಟು ಇನ್ನೊಬ್ಬರಿಗೆ ಅಸಹ್ಯ. ತನಗೆ ಕೊಟ್ಟ ಟೋಪಿಯು ಮುಖಕ್ಕೆ ಒಪ್ಪುವುದಿಲ್ಲವೆಂದು ದೂರಿದ ದಾದಿಯೂ ಇದ್ದಳು. ನಗಬಾರದು, ಮನೆಬಿಟ್ಟು ದೂರ ಬಂದವರಿಗೆ ಟೋಪಿಯೂ ದೊಡ್ಡ ವಿಷಯವೇ.

ಸೈನ್ಯದ ವೈದ್ಯರು ಇವರನ್ನು ಬೇಡವೆಂದರು. ನೈಟಿಂಗೇಲಳು ವಾದಕ್ಕೆ ಹೋಗದೆ, ವೈದ್ಯರು ಕರೆಯುವ ತನಕ ಯಾರೂ ರೋಗಿಗಳನ್ನು ಮುಟ್ಟಕೂಡದೆಂದು ವಿಧಿಸಿ, ಎಲ್ಲರನ್ನೂ ಬಟ್ಟೆ ಹೊಲಿಯಲು ಕುಳ್ಳಿರಿಸಿದಳು. ನರಳಾಟವನ್ನು ಕೇಳುತ್ತ ಸೂಜಿ ಹಿಡಿದು ಕುಳಿತವರ ಕೋಪವನ್ನು ನಾವು ಊಹಿಸಬಲ್ಲೆವು. ಕೆಲವೇ ದಿನಗಳಲ್ಲಿ ಇಂಕರ್ಮನ್ ಕಾಳಗದ ಗಾಯಾಳುಗಳು ತುಂಬಿದಾಗ ವೈದ್ಯರೇ ಕರೆದರು. ರಾತ್ರಿ ಎಂಟರ ಮೇಲೆ ತನ್ನ ಹೊರತು ಬೇರಾವ ಸ್ತ್ರೀಯೂ ರೋಗಿಗಳ ಕೋಣೆಗಳಲ್ಲಿರಬಾರದೆಂಬುದೂ ಆಕೆಯ ನಿಯಮವಾಗಿತ್ತು. ಚಿತ್ರದಲ್ಲಿ ಆಕೆ ಒಂಟಿಯಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಡಿಸೆಂಬರಿನಲ್ಲಿ ಮನಸ್ತಾಪವು ಹೊತ್ತಿಕೊಂಡಿತು. ಆಕೆಯನ್ನು ಕೇಳದೆಯೇ 40ಕ್ಕೂ ಹೆಚ್ಚು ಮಂದಿಯ ಇನ್ನೊಂದು ತಂಡವು ಗೆಳತಿ ಮೇರಿ ಸ್ಟಾನ್ಲಿಯ ನಾಯಕತ್ವದಲ್ಲಿ ಬಂದಿಳಿಯಿತು. ಇರಲು ಸ್ಥಳವಿಲ್ಲ, ಮಾಡಲು ಅಪ್ಪಣೆಯಿಲ್ಲ. ನೈಟಿಂಗೇಲಳು ಕಡುಕೋಪದಿಂದ ಹರ್ಬರ್ಟನಿಗೆ ಬರೆದು, ಕೆಲಸವನ್ನೇ ಬಿಡುವೆನೆಂದಳು. ಸ್ಟಾನ್ಲಿಯ ಸ್ನೇಹವು ಅಲ್ಲಿಗೆ ಮುರಿಯಿತು. ಆ ತಂಡದಲ್ಲಿದ್ದ 15 ಮಂದಿ ಐರ್ಲೆಂಡಿನ ಕನ್ಯಾಸ್ತ್ರೀಯರ ಹಿರಿಯಳಾದ ಮದರ್ ಬ್ರಿಜ್‌ಮನ್ನಳು ನೈಟಿಂಗೇಲಳ ಅಧಿಕಾರಕ್ಕೆ ಒಳಪಡಲು ಒಪ್ಪದೆ, ಕೂಲಾಲಿಯಲ್ಲಿಯೂ ಆಮೇಲೆ ಬಾಲಾಕ್ಲಾವದಲ್ಲಿಯೂ ಸ್ವತಂತ್ರವಾಗಿ ಸೇವೆ ನಡೆಸಿದಳು. ಈಕೆಯನ್ನು ನೈಟಿಂಗೇಲಳು ಪತ್ರಗಳಲ್ಲಿ ಅಡ್ಡಹೆಸರಿಟ್ಟು ಹಳಿದುದನ್ನು ನಾವು ಮೆಚ್ಚಲಾರೆವು. ಶುಶ್ರೂಷೆಯಲ್ಲಿ ಈ ಕನ್ಯಾಸ್ತ್ರೀಯರು ಯಾರಿಗೂ ಕಡಮೆಯಲ್ಲ. ಅವರಲ್ಲಿ ಇಬ್ಬರು ಬಾಲಾಕ್ಲಾವದಲ್ಲಿಯೇ ರೋಗಕ್ಕೆ ತುತ್ತಾದರು. 1856ನೆಯ ಮಾರ್ಚಿಯಲ್ಲಿ ಸರಕಾರವು ನೈಟಿಂಗೇಲಳ ಅಧಿಕಾರವನ್ನು ದೃಢಪಡಿಸಲು, ಬ್ರಿಜ್‌ಮನ್ನಳು ಏಪ್ರಿಲಿನಲ್ಲಿ ಊರಿಗೆ ಮರಳಿದಳು.

ಇನ್ನೊಂದು ಮಾತನ್ನೂ ಮರೆಮಾಡಲಾಗದು. ಮೊದಲ ಚಳಿಗಾಲದಲ್ಲಿ ಸ್ಕುಟಾರಿಯಲ್ಲಿ ಮರಣಗಳು ಹೆಚ್ಚುತ್ತಲೇ ಹೋದುವು. 1855ನೆಯ ಮಾರ್ಚಿಯಲ್ಲಿ ಬಂದ ಆರೋಗ್ಯ ಆಯೋಗವು ಚರಂಡಿಗಳನ್ನು ಶುದ್ಧಮಾಡಿಸಿದ ಮೇಲೆಯೇ ಅವು ಬಹಳವಾಗಿ ಇಳಿದುವು.

ಮತಭೇದವು ಎಲ್ಲೆಲ್ಲಿಯೂ ಬೇರ್ಪಡಿಸಲಿಲ್ಲ. ಲಂಡನಿನ ಬರ್ಮಂಡ್ಸೆ ಮಠದ ಮದರ್ ಮೇರಿ ಕ್ಲೇರ್ ಮೂರ್ ಎಂಬಾಕೆಯು ಮೊದಲ ತಂಡದಲ್ಲಿಯೇ ಬಂದವಳು. ಶುಶ್ರೂಷೆಯ ವಿಷಯದಲ್ಲಿ ನೈಟಿಂಗೇಲಳ ಮಾತೇ ಕೊನೆಯೆಂದು ಆಕೆ ಮೊದಲೇ ಒಪ್ಪಿದ್ದಳು. ಜಗಳಗಳಲ್ಲಿ ಪಕ್ಷ ಕಟ್ಟಲಿಲ್ಲ. ಅನಾರೋಗ್ಯದಿಂದ ಈಕೆಯು 1856ರಲ್ಲಿ ಹಿಂದಿರುಗುವಾಗ, ಮೇಲ್ವಿಚಾರಣೆಗೆ ತನಗಿಂತಲೂ ಆಕೆಯೇ ಹೆಚ್ಚು ತಕ್ಕವಳೆಂದು ನೈಟಿಂಗೇಲಳು ಬರೆದಳು. ಅಷ್ಟು ಹಟವುಳ್ಳವಳಿಗೆ ಇದು ಸುಲಭದ ಮಾತಾಗಿರಲಾರದು.

1860ರಲ್ಲಿ ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ತೆರೆದ ನೈಟಿಂಗೇಲ್ ಶಿಕ್ಷಣಶಾಲೆಯು ಯಾವುದೊಂದು ಸಭೆಗೂ ಮೀಸಲಾಗಿರಲಿಲ್ಲ. ಆಕೆಯು 1910ನೆಯ ಆಗಸ್ಟ್ 13ರಂದು ತೀರಿಕೊಂಡಳು. ಮದರ್ ಮೂರಳಾದರೋ ಅದಕ್ಕೆ ಸುಮಾರು 36 ವರ್ಷ ಮೊದಲೇ, 1874ನೆಯ ಡಿಸೆಂಬರಿನಲ್ಲಿ ಮರಣಹೊಂದಿದ್ದಳು. ಆ ತನಕ ಮಠದಿಂದ ಭಕ್ತಿಗ್ರಂಥಗಳು ನೈಟಿಂಗೇಲಳ ಮನೆಗೂ, ಅಲ್ಲಿಂದ ಪತ್ರಗಳು ಮಠಕ್ಕೂ ಹೋಗಿಬರುತ್ತಿದ್ದುವು.