ಹಗೆಯ ನಡುವೆ ಸಂತ ರೀಟಾ

ಇಟಲಿಯ ಕಾಷಿಯಾ ಪಟ್ಟಣದ ಬಳಿ ಜನಿಸಿದ ಸಂತ ರೀಟಾರವರ ಪತಿ ಕುಲವೈಷಮ್ಯಕ್ಕೆ ಬಲಿಯಾಗಿ ಕೊಲೆಯಾದರು. ಪುತ್ರರಿಬ್ಬರೂ ಸೇಡಿಗೆ ಹಾತೊರೆದರು. ಹಂತಕರನ್ನು ಕ್ಷಮಿಸಿದ ಆ ತಾಯಿ, ಮಕ್ಕಳ ಕೈಗೆ ರಕ್ತ ಅಂಟದಿರಲೆಂದು ದೇವರಲ್ಲಿ ಮೊರೆಯಿಟ್ಟರು. ಅವರೂ ಬೇಗನೆ ರೋಗದಿಂದ ಮೃತರಾದರೆಂಬುದು ಪರಂಪರೆ. ಏಕಾಕಿನಿಯಾದ ರೀಟಾ ಅಗಸ್ತೀನರ ಕನ್ಯಾಮಠವನ್ನು ಸೇರಬಯಸಿದಾಗ ಹಗೆಯೇ ಅಡ್ಡಬಂದಿತು. ಎರಡೂ ಮನೆತನಗಳನ್ನು ರಾಜಿಗೊಳಿಸಿದ ಬಳಿಕವೇ ಅವರಿಗೆ ಪ್ರವೇಶ ದೊರೆಯಿತೆನ್ನುತ್ತಾರೆ. 1457ರಲ್ಲಿ ನಿಧನರಾದ ಅವರಿಗೆ ಪೋಪ್ ಹದಿಮೂರನೆಯ ಲಿಯೋರವರು 1900ರಲ್ಲಿ ಸಂತಪದವಿಯಿತ್ತರು. ಮೇ 22 ಅವರ ಹಬ್ಬ.

ಪ್ರಿಯರೇ, ಕ್ಷಮೆಯು ದೈವಕೃಪೆಯಿಂದ ಕಾಲಕ್ರಮದಲ್ಲಿ ಮೂಡತಕ್ಕದ್ದು. ನ್ಯಾಯವಿಚಾರಣೆಗೆ ಅದು ಅಡ್ಡಿಯಲ್ಲ. ಕೊಲೆಯಿಂದ ಆಪ್ತರನ್ನು ಕಳೆದುಕೊಂಡವರನ್ನು ಕ್ಷಮಿಸಿರೆಂದು ಅವಸರಪಡಿಸದಿರೋಣ. ಊಟ ಒಯ್ಯೋಣ, ಅಳುವವರೊಡನೆ ಮೌನವಾಗಿ ಕುಳಿತುಕೊಳ್ಳೋಣ, ತಿಂಗಳುಗಳು ಕಳೆದ ಮೇಲೂ ಆ ಮನೆಯ ಹೊಸ್ತಿಲನ್ನು ಮರೆಯದಿರೋಣ.