ಪಾಪ-ಶಾಪ ಇಲ್ಲದ ಹೆಸರು ಕೊಟ್ಟ ಡಾಕ್ಟರ್ ಟುಲ್ಪ್

ಡಾ. ನಿಕೊಲಾಸ್ ಟುಲ್ಪ್ ಹೆಸರು ಕೇಳದವರೂ ಅವರ ಮುಖ ನೋಡಿರ್ತಾರೆ. ರೆಂಬ್ರಾಂಟ್ 1632ರಲ್ಲಿ ಬರೆದ ಅಂಗರಚನೆ ಪಾಠದ ಚಿತ್ರದಲ್ಲಿ, ಹೆಣದ ತೋಳಿನ ಸ್ನಾಯುಗಳನ್ನು ಇಕ್ಕಳದಿಂದ ಎತ್ತಿ ತೋರಿಸುತ್ತಿರುವ ಟೋಪಿಯವರು ಅವರೇ. ನನಗೆ ಅವರು ಮುಖ್ಯವಾಗೋದು ಮಾತ್ರ ಎರಡು ಲ್ಯಾಟಿನ್ ಪದಗಳಿಂದ: ಸ್ಪೈನಾ ಬೈಫಿಡಾ.

ಟುಲ್ಪ್ 1593ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಹುಟ್ಟಿದರು. ಆಗಿನ ಹೆಸರು ಕ್ಲಾಸ್ ಪೀಟರ್‌ಸೋನ್. ಲೈಡನ್‌ನಲ್ಲಿ ವೈದ್ಯಕೀಯ ಓದಿ ಊರಿಗೆ ಮರಳಿದ ಮೇಲೆ ಟುಲಿಪ್ ಹೂವನ್ನು ಗುರುತು ಮಾಡಿಕೊಂಡು, ಅದನ್ನೇ ಹೆಸರಾಗಿಯೂ ಇಟ್ಟುಕೊಂಡರು. 1628ರಿಂದ ಶಸ್ತ್ರವೈದ್ಯರ ಸಂಘಕ್ಕೆ ಅಂಗರಚನೆ ಪಾಠ ಹೇಳಿದರು. 1636ರಲ್ಲಿ ನಗರದ ಮೊದಲ ಔಷಧಕೋಶ ಬರಲು ಮುಂದೆ ನಿಂತರು. ನಾಲ್ಕು ಸಲ ಮೇಯರ್ ಆದರು.

ತಾವು ಕಂಡ ರೋಗಿಗಳ ಬಗ್ಗೆ ಅವರು ಲ್ಯಾಟಿನ್‌ನಲ್ಲಿ ಬರೆದ ಪುಸ್ತಕ 1641ರಲ್ಲಿ ಮೊದಲು ಅಚ್ಚಾಗಿ, ಮುಂದಿನ ಆವೃತ್ತಿಯಲ್ಲಿ ಇನ್ನೂ ಬೆಳೆಯಿತು. ಬೆನ್ನ ಮೇಲೆ ಗಂಟು ಹೊತ್ತು ಹುಟ್ಟಿದ ಕೂಸುಗಳ ವಿವರ ಅದರಲ್ಲಿದೆ. ಆ ಗಂಟಿನೊಳಗೆ ನರಗಳು ಚದುರಿಕೊಂಡಿರೋದನ್ನು ಅವರು ಗಮನಿಸಿದ್ದರು. ಇಟ್ಟ ಹೆಸರಿನ ಅರ್ಥವೂ ಅಷ್ಟೇ ನೇರ: ಎರಡಾಗಿ ಸೀಳಿದ ಬೆನ್ನೆಲುಬು. ಅಂಗವಿಕಲ ಕೂಸುಗಳನ್ನು ದೇವರ ಕೋಪದ ಸೂಚನೆ ಅಂತ ಯುರೋಪಿನಲ್ಲಿ ಅನೇಕರು ನಂಬಿದ್ದ ಕಾಲ ಅದು. ಈ ಹೆಸರಲ್ಲಿ ಪಾಪವೂ ಇಲ್ಲ, ಶಾಪವೂ ಇಲ್ಲ. ಏನು ಸೀಳಿದೆ ಅನ್ನೋದಷ್ಟೇ ಇದೆ.

1674ರಲ್ಲಿ ತೀರಿಕೊಂಡ ಟುಲ್ಪ್‌ಗೆ ಇದನ್ನು ತಡೆಯುವ ದಾರಿ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ಭ್ರೂಣದ ನರನಾಳ ಸುಮಾರು 28 ದಿನದೊಳಗೆ ಮುಚ್ಚಿಕೊಳ್ಳಬೇಕು. ಬೆನ್ನಲ್ಲಿ ಮುಚ್ಚದಿದ್ದರೆ ಸ್ಪೈನಾ ಬೈಫಿಡಾ, ತಲೆಯ ಕಡೆ ಮುಚ್ಚದಿದ್ದರೆ ಮೆದುಳು-ತಲೆಬುರುಡೆ ಬೆಳೆಯದ ಅನೆನ್ಸೆಫಲಿ. ಇಂಥ ಮಗು ಹೆತ್ತಿದ್ದ ತಾಯಂದಿರು ಮತ್ತೆ ಬಸಿರಾಗುವ ಮೊದಲೇ ಫೋಲಿಕ್ ಆಮ್ಲ ತಗೊಂಡರೆ, ಅದು ಮರುಕಳಿಸೋದು ಸುಮಾರು ಮುಕ್ಕಾಲು ಪಾಲು ತಪ್ಪುತ್ತದೆ ಅಂತ 1991ರಲ್ಲಿ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಅಧ್ಯಯನ ತೋರಿಸಿತು.

ತೊಡಕಿರೋದು ಇಲ್ಲೇ. ಆ 28 ದಿನ ಮುಗಿಯುವಾಗ ಎಷ್ಟೋ ಹೆಂಗಸರಿಗೆ ತಾವು ಬಸಿರಿ ಅನ್ನೋದೇ ಗೊತ್ತಿರಲ್ಲ. ತಾಯಿ ಕಾರ್ಡ್ ಮಾಡಿಸಿದ ಮೇಲೆ ಸಿಗುವ ಮಾತ್ರೆ ರಕ್ತಹೀನತೆಗೆ ಬೇಕೇ ಬೇಕು, ಆದರೆ ನರನಾಳಕ್ಕೆ ತಡವಾಗಿರುತ್ತದೆ. ಫೋಲಿಕ್ ಆಮ್ಲದ ಮಾತು ಮದುವೆ ಮನೆಯಲ್ಲೇ ಶುರುವಾಗಬೇಕು ಅನ್ನೋದು ನನ್ನ ವಾದ.

ಹೆಸರಿನ ವಿಷಯಕ್ಕೂ ಅಷ್ಟೇ. ಸೀಳುತುಟಿ ಅಂದರೆ ನಮಗೆ ತಕ್ಷಣ ಅರ್ಥವಾಗುತ್ತೆ. ಹಾಗೇ ಸೀಳು ಬೆನ್ನೆಲುಬು ಅಂತ ಡಾಕ್ಟರುಗಳು ಬಾಯಿಬಿಟ್ಟು ಹೇಳಲಿ. ಬಸಿರಲ್ಲಿ ಗ್ರಹಣ ನೋಡಿದ್ಲು ಅಂತ ತಾಯಿಯನ್ನು ಹಂಗಿಸುವವರಿಗೂ ಅದು ತಿಳಿಯಲಿ.