ಹನ್ನೊಂದು ವರ್ಷಗಳ ನಂತರ ಊರಿಗೆ ಮರಳಿದ ಹಾಕಿ ಆಟಗಾರ ಬಿಲ್ ಬಾರಿಲ್ಕೊ

ಕಳೆದ ಬೇಸಿಗೆ ರಜೆಯಲ್ಲಿ ಕಲಬುರಗಿ ನಗರದ ಮಕ್ಕಳ ಶಿಬಿರವೊಂದಕ್ಕೆ ನಾವು ಹೋಗಿದ್ದೆವು. ಬಿಸಿಲು 42 ಡಿಗ್ರಿ ದಾಟಿದ್ದರಿಂದ ಮಧ್ಯಾಹ್ನದ ಹೊತ್ತು ಮಕ್ಕಳನ್ನು ಮೈದಾನಕ್ಕೆ ಬಿಡುವಂತಿರಲಿಲ್ಲ. ಕಥೆ ಹೇಳಬೇಕೆಂದು ಅವರು ಹಟ ಹಿಡಿದಾಗ, ಮಂಜುಗಡ್ಡೆಯ ಮೇಲೆ ಹಾಕಿ ಆಡಿದ ಬಿಲ್ ಬಾರಿಲ್ಕೊ ಅವರ ಜೀವನವನ್ನು ಹೇಳಿದೆವು. ಮರುದಿನ ಕೆಂಪು ಬಾಳೆಗೆ ಹೆಸರಾದ ಕಮಲಾಪುರದಲ್ಲಿ ತಾಯಂದಿರ ಕೂಟವಿತ್ತು. ಅಲ್ಲಿಯೂ ಇದೇ ಕಥೆ ಹೇಳಿದೆವು. ಕಲಬುರಗಿಯ ಮಕ್ಕಳು ಗೋಲು ಹೇಗೆ ಹೊಡೆದರು ಎಂದು ಕೇಳಿದ್ದರು. ಕಮಲಾಪುರದ ತಾಯಂದಿರು ಗೋಲಿನ ಸುದ್ದಿ ಎತ್ತಲಿಲ್ಲ. ಆ ಹುಡುಗನ ತಾಯಿ ಏನಾದಳು ಎಂದು ಕೇಳಿದರು. ಈ ಎರಡೂ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟು ನಮ್ಮ ಓದುಗರಿಗಾಗಿ ಆ ಜೀವನವನ್ನು ಇಲ್ಲಿ ಬರೆಯುತ್ತಿದ್ದೇವೆ.

ಚಿನ್ನದ ಗಣಿಯ ಊರಿನ ಹುಡುಗ

ವಿಲಿಯಂ ಬಾರಿಲ್ಕೊ ಹುಟ್ಟಿದ್ದು 1927ರ ಮಾರ್ಚ್ 25ರಂದು, ಕೆನಡಾದ ಒಂಟಾರಿಯೊ ಪ್ರಾಂತ್ಯದ ಟಿಮ್ಮಿನ್ಸ್ ಎಂಬ ಊರಿನಲ್ಲಿ. ಟೊರಾಂಟೊ ನಗರದಿಂದ ಸುಮಾರು 700 ಕಿ.ಮೀ. ಉತ್ತರಕ್ಕಿರುವ ಈ ಊರು ಬೆಳೆದದ್ದು ಚಿನ್ನದ ಗಣಿಗಳಿಂದ. ಕಲಬುರಗಿ ಕಡೆಯವರಿಗೆ ರಾಯಚೂರು ಜಿಲ್ಲೆಯ ಹಟ್ಟಿಯನ್ನು ನೆನಪಿಸಿದರೆ ಸಾಕು, ಊರಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಬಿಲ್ ಅವರ ತಂದೆ ತಾಯಿ ಪೂರ್ವ ಯುರೋಪಿನಿಂದ ವಲಸೆ ಬಂದವರು. ಅಣ್ಣ ಅಲೆಕ್ಸ್, ತಂಗಿ ಆ್ಯನ್. ವರ್ಷದಲ್ಲಿ ಹಲವು ತಿಂಗಳು ಹಿಮ ಬೀಳುವ ಆ ಊರಿನಲ್ಲಿ ಬಡವರ ಮಕ್ಕಳಿಗೂ ಐಸ್ ಹಾಕಿ ಸುಲಭವಾಗಿ ಸಿಗುವ ಆಟವಾಗಿತ್ತು.

ಈ ಆಟದಲ್ಲಿ ಒಂದು ತಂಡದಿಂದ ಆರು ಜನ ಅಂಕಣದಲ್ಲಿರುತ್ತಾರೆ. ಒಬ್ಬ ಗೋಲ್ ಕೀಪರ್, ಇಬ್ಬರು ರಕ್ಷಣಾ ಆಟಗಾರರು, ಮೂವರು ಮುನ್ನಡೆ ಆಟಗಾರರು. ಚೆಂಡಿನ ಬದಲು ರಬ್ಬರಿನ ಚಪ್ಪಟೆ ಬಿಲ್ಲೆಯಿದ್ದು, ಅದನ್ನು ಪಕ್ ಎನ್ನುತ್ತಾರೆ. ನಮ್ಮ ಹಾಕಿಯಂತಲ್ಲದೆ, ಪಕ್ ಹೊಂದಿರುವವನಿಗೆ ಮೈಯಿಂದ ಢಿಕ್ಕಿ ಕೊಟ್ಟು ತಡೆಯಲು ಇಲ್ಲಿ ನಿಯಮವೇ ಅವಕಾಶ ನೀಡುತ್ತದೆ. ಮಿತಿ ಮೀರಿದವರನ್ನು ಕೆಲವು ನಿಮಿಷ ಹೊರಗೆ ಕೂರಿಸುತ್ತಾರೆ. ಬಿಲ್ ಅವರದು ರಕ್ಷಣಾ ಆಟಗಾರನ ಕೆಲಸ. ಗೋಲಿನ ಮುಂದೆ ಗೋಡೆಯಂತೆ ನಿಲ್ಲುವುದು, ಎದುರಾಳಿ ಹೊಡೆದ ಪಕ್‌ಗೆ ಅಡ್ಡ ಬೀಳುವುದು. ಪೆಟ್ಟು ಹೆಚ್ಚು, ಹೆಸರು ಕಡಿಮೆ.

ಅಮೆರಿಕದ ಪಶ್ಚಿಮ ಕರಾವಳಿಯ ಹಾಲಿವುಡ್ ವುಲ್ವ್ಸ್ ಎಂಬ ಸಣ್ಣ ತಂಡದಲ್ಲಿ ಅವರು ಆಡುತ್ತಿದ್ದಾಗ, 1947ರ ಫೆಬ್ರವರಿಯಲ್ಲಿ ಟೊರಾಂಟೊ ಮೇಪಲ್ ಲೀಫ್ಸ್ ತಂಡದಿಂದ ಕರೆ ಬಂತು. ಗಾಯಗೊಂಡವರ ಬದಲಿಗೆ ಬಂದ 19 ವರ್ಷದ ಈ ಹುಡುಗ ಮತ್ತೆ ಹಿಂದೆ ಹೋಗಲಿಲ್ಲ. ಸೊಂಟದಿಂದ ಕೊಡುತ್ತಿದ್ದ ಅವರ ಢಿಕ್ಕಿಗೆ ಎದುರಾಳಿಗಳು ಹೆದರುತ್ತಿದ್ದರು. ಲೀಗ್ ಹಂತದ 252 ಪಂದ್ಯಗಳಲ್ಲಿ ಅವರು ಹೊಡೆದದ್ದು 26 ಗೋಲು. ಶಿಕ್ಷೆಯಾಗಿ ಹೊರಗೆ ಕೂತದ್ದು 456 ನಿಮಿಷ, ಅಂದರೆ ಏಳೂವರೆ ಗಂಟೆಗೂ ಹೆಚ್ಚು. ಸಾಧು ಸ್ವಭಾವದ ಆಟವಂತೂ ಅದಾಗಿರಲಿಲ್ಲ. ಆದರೆ ಅವರಿದ್ದ ಐದು ಋತುಗಳಲ್ಲಿ ತಂಡ ನಾಲ್ಕು ಬಾರಿ, 1947, 1948, 1949 ಮತ್ತು 1951ರಲ್ಲಿ, ಈ ಆಟದ ಅತ್ಯುನ್ನತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದಿತು ಎಂಬುದು ಗಮನಾರ್ಹ.

1951ರ ಏಪ್ರಿಲ್ 21

ಅಂದು ಟೊರಾಂಟೊದಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ವಿರುದ್ಧ ಫೈನಲ್ ಸರಣಿಯ ಐದನೆಯ ಪಂದ್ಯ. ಹಿಂದಿನ ನಾಲ್ಕೂ ಪಂದ್ಯಗಳು ಹೆಚ್ಚುವರಿ ಸಮಯಕ್ಕೆ ಹೋಗಿದ್ದವು. ಅವುಗಳಲ್ಲಿ ಮೂರನ್ನು ಟೊರಾಂಟೊ ಗೆದ್ದಿತ್ತು. ಈ ಪಂದ್ಯದಲ್ಲಿ ಟೊರಾಂಟೊ 1-2ರಿಂದ ಹಿಂದಿತ್ತು. ಇನ್ನು 32 ಸೆಕೆಂಡು ಉಳಿದಿರುವಾಗ ಟಾಡ್ ಸ್ಲೋನ್ ಗೋಲು ಹೊಡೆದು ಸಮಮಾಡಿದರು. ಮತ್ತೆ ಹೆಚ್ಚುವರಿ ಸಮಯ.

ರಕ್ಷಣಾ ಆಟಗಾರ ತನ್ನ ಜಾಗ ಬಿಟ್ಟು ಮುಂದೆ ನುಗ್ಗಿದರೆ ಹಿಂದೆ ಬಾಗಿಲು ತೆರೆದಂತೆ. ಈ ಕಾರಣಕ್ಕೆ ಬಿಲ್ ಅವರು ಮುನ್ನುಗ್ಗುವುದು ಕೋಚ್ ಜೋ ಪ್ರಿಮೊ ಅವರಿಗೆ ಹಿಡಿಸುತ್ತಿರಲಿಲ್ಲ. ಆದರೆ ಹೆಚ್ಚುವರಿ ಸಮಯದ 2 ನಿಮಿಷ 53ನೆಯ ಸೆಕೆಂಡಿನಲ್ಲಿ ಗೋಲಿನ ಬಳಿ ಪಕ್ ಬಿಡಿಯಾಗಿ ಸಿಕ್ಕಿದ್ದನ್ನು ಕಂಡ ಬಿಲ್ ತಮ್ಮ ಜಾಗ ಬಿಟ್ಟು ಓಡಿಬಂದು ಹೊಡೆದರು. ಗೋಲ್ ಕೀಪರ್ ಗೆರಿ ಮ್ಯಾಕ್‌ನೀಲ್ ಅವರನ್ನು ದಾಟಿ ಪಕ್ ಬಲೆ ಸೇರಿತು. ಹೊಡೆದ ರಭಸಕ್ಕೆ ಬಿಲ್ ಮುಂದಕ್ಕೆ ಬೀಳುತ್ತಿರುವ ಛಾಯಾಚಿತ್ರ ಇಂದಿಗೂ ಕೆನಡಾದಲ್ಲಿ ಪ್ರಸಿದ್ಧ. ಟೊರಾಂಟೊ 3-2ರಿಂದ ಗೆದ್ದು ಕಪ್ ಎತ್ತಿತು. ಜತೆಗಾರರು ಅವರನ್ನು ಹೆಗಲ ಮೇಲೆ ಹೊತ್ತರು. ಅವರಿಗೆ ಆಗ 24 ವರ್ಷ. ಅದೇ ಅವರ ಕೊನೆಯ ಗೋಲು, ಕೊನೆಯ ಪಂದ್ಯ.

ಹಿಂದಿರುಗದ ವಿಮಾನ

ಅದೇ ವರ್ಷದ ಆಗಸ್ಟ್ 24, ಶುಕ್ರವಾರ. ಊರಿಗೆ ಬಂದಿದ್ದ ಬಿಲ್, ಪರಿಚಯದ ದಂತವೈದ್ಯ ಹೆನ್ರಿ ಹಡ್ಸನ್ ಅವರೊಡನೆ ಮೀನು ಹಿಡಿಯಲು ಉತ್ತರದ ಜೇಮ್ಸ್ ಕೊಲ್ಲಿಯ ಕಡೆಗೆ ಹೊರಟರು. ನೀರಿನ ಮೇಲೆ ಇಳಿಯಬಲ್ಲ, ಒಂದೇ ಎಂಜಿನ್ನಿನ ಪುಟ್ಟ ವಿಮಾನ. ನಡೆಸುವವರು ವೈದ್ಯರೇ. ತಾಯಿ ಫೇ ಅವರಿಗೆ ಈ ಪ್ರಯಾಣ ಇಷ್ಟವಿರಲಿಲ್ಲ. ಮಗ ಹೊರಡುವಾಗ ಬೀಳ್ಕೊಡಲು ಅವರು ಕೋಣೆಯಿಂದ ಹೊರಗೆ ಬರಲಿಲ್ಲವೆಂದು ಹೇಳುತ್ತಾರೆ. ಆಗಸ್ಟ್ 26ರ ಭಾನುವಾರ ಹಿಂದಿರುಗುವ ದಾರಿಯಲ್ಲಿ ವಿಮಾನ ಕಣ್ಮರೆಯಾಯಿತು.

ಕೆನಡಾದ ವಾಯುಪಡೆ ಹುಡುಕಿತು. ಆ ದೇಶ ಅಲ್ಲಿಯವರೆಗೆ ಕಂಡ ಅತಿದೊಡ್ಡ ಶೋಧಗಳಲ್ಲಿ ಇದೂ ಒಂದು. ತಂಡದವರು ಪತ್ತೆ ಮಾಡಿದವರಿಗೆ 10,000 ಡಾಲರ್ ಬಹುಮಾನ ಸಾರಿದರು. ಕೊನೆಯಿಲ್ಲದ ಕಾಡು ಮತ್ತು ಜೌಗಿನಲ್ಲಿ ಏನೂ ಸಿಗಲಿಲ್ಲ.

ಸತ್ಯ ಸಿಗದಾಗ ಊರಿನ ಬಾಯಿ ಸುಮ್ಮನಿರುವುದಿಲ್ಲ. ಬಿಲ್ ರಷ್ಯಾಕ್ಕೆ ಓಡಿಹೋಗಿ ಅಲ್ಲಿಯವರಿಗೆ ಹಾಕಿ ಕಲಿಸುತ್ತಿದ್ದಾರೆ ಎಂದು ಕೆಲವರು ಹೇಳಿದರು. ಗಣಿಯ ಚಿನ್ನವನ್ನು ಕಳ್ಳಸಾಗಣೆ ಮಾಡಲು ಹೋಗಿದ್ದರು ಎಂದು ಇನ್ನು ಕೆಲವರು. ಸತ್ತ ಮಗನ ಮೇಲೆ ಕಳ್ಳನೆಂಬ, ದೇಶಬಿಟ್ಟವನೆಂಬ ಹೆಸರು ಬಿದ್ದುದನ್ನು ಆ ತಾಯಿ ಕೇಳಿಸಿಕೊಳ್ಳಬೇಕಾಯಿತು. ಸಮಾಧಿಯಿಲ್ಲ, ಪ್ರಾರ್ಥನೆಗೆ ಒಂದು ದಿನಾಂಕವೂ ಇಲ್ಲ.

1962ರ ಜೂನ್ ತಿಂಗಳಲ್ಲಿ, ಕಾಕ್ರೇನ್ ಪಟ್ಟಣದಿಂದ ಸುಮಾರು 100 ಕಿ.ಮೀ. ಉತ್ತರದಲ್ಲಿ, ಹೆಲಿಕಾಪ್ಟರ್ ಚಾಲಕರೊಬ್ಬರಿಗೆ ಕಾಡಿನ ನಡುವೆ ಲೋಹದ ಹೊಳಪು ಕಂಡಿತು. ಅದೇ ವಿಮಾನ, ಒಳಗೆ ಇಬ್ಬರ ಅವಶೇಷಗಳು. ಕೆಟ್ಟ ಹವೆ, ಸಾಕಷ್ಟು ಅನುಭವವಿಲ್ಲದ ಚಾಲನೆ, ಮೇಲಾಗಿ ಹೆಚ್ಚಿನ ಭಾರ ಅಪಘಾತಕ್ಕೆ ಕಾರಣವೆಂದು ತಿಳಿಯಲಾಯಿತು. ರಷ್ಯಾವೂ ಇರಲಿಲ್ಲ, ಕಳ್ಳ ಚಿನ್ನವೂ ಇರಲಿಲ್ಲ. ಬಿಲ್ ಅವರನ್ನು ಟಿಮ್ಮಿನ್ಸ್‌ನಲ್ಲಿ ಮಣ್ಣು ಮಾಡಲಾಯಿತು.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಬಿಲ್ ಸಿಗುವವರೆಗೆ ತಂಡಕ್ಕೆ ಕಪ್ ಸಿಗಲಿಲ್ಲ, ಅದೊಂದು ಶಾಪವೆಂದು ಅನೇಕರು ಹೇಳುವುದುಂಟು. 1951ರ ನಂತರ ತಂಡ ಕಪ್ ಗೆದ್ದದ್ದು 1962ರ ಏಪ್ರಿಲ್ 22ರಂದು. ವಿಮಾನ ಸಿಕ್ಕಿದ್ದು ಅದಾದ ಸುಮಾರು ಆರು ವಾರಗಳ ಮೇಲೆ. ಶಾಪದ ಕಥೆಯನ್ನು ದಿನಾಂಕಗಳೇ ಒಪ್ಪುವುದಿಲ್ಲ. 1992ರಲ್ಲಿ ಮೇಪಲ್ ಲೀಫ್ಸ್ ತಂಡ ಬಿಲ್ ಧರಿಸುತ್ತಿದ್ದ 5ನೆಯ ಸಂಖ್ಯೆಯನ್ನು ಇನ್ನಾರಿಗೂ ಕೊಡದಂತೆ ಗೌರವದಿಂದ ತೆಗೆದಿರಿಸಿತು.

ಕಾಯುವವರ ಪಕ್ಕದಲ್ಲಿ

ಕರಾವಳಿಯ ನಮಗೆ ಈ ಕಾಯುವಿಕೆ ಹೊಸದಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಕಡಲಾಳದಲ್ಲಿ ಅವಶೇಷ ಪತ್ತೆಯಾಗುವವರೆಗೆ ಆ ಮನೆಗಳವರು ಎಷ್ಟೊಂದು ಊಹಾಪೋಹಗಳನ್ನು ಕೇಳಬೇಕಾಯಿತು! ಕಲಬುರಗಿ, ಕಮಲಾಪುರದ ಕಡೆಯಿಂದ ಮುಂಬಯಿ, ಪುಣೆಗೆ ದುಡಿಯಲು ಹೋದವರ ಮನೆಗಳಲ್ಲೂ ಫೋನು ಬಾರದ ದಿನಗಳಿವೆ. ತಾಯಂದಿರ ಪ್ರಶ್ನೆಯ ಹಿಂದೆ ಏನಿತ್ತೆಂದು ನಮಗೆ ಆಮೇಲೆ ಹೊಳೆಯಿತು.

ಅವರಿಗೆ ನಾವು ಕೊಟ್ಟ ಉತ್ತರವಿಷ್ಟೆ. ಆ ತಾಯಿ ಹನ್ನೊಂದು ವರ್ಷ ಕಾದರು. ಮಗನ ಕಪ್ಪುಗಳು ಆ ಹನ್ನೊಂದು ವರ್ಷವನ್ನು ಒಂದು ದಿನವೂ ಕಡಿಮೆ ಮಾಡಲಿಲ್ಲ. ಕೊನೆಗೆ ಮಗನಿಗೆ ಒಂದು ಸಮಾಧಿ ಸಿಕ್ಕಿತು, ಅವನ ಹೆಸರಿಗೆ ಹತ್ತಿದ್ದ ಮಸಿಯೂ ಹೋಯಿತು. ನಮ್ಮ ವಾಳೆಗಳಲ್ಲಿ ಹೀಗೆ ಕಾಯುವ ಮನೆಯಿದ್ದರೆ, ಕೇಳಿದ ಸುದ್ದಿಯನ್ನು ಹೊತ್ತು ಅಲ್ಲಿಗೆ ಹೋಗುವುದು ಬೇಡ. ಬರಿಗೈಯಲ್ಲಿ ಹೋಗಿ ಸ್ವಲ್ಪ ಹೊತ್ತು ಜತೆಗೆ ಕುಳಿತು ಬರೋಣ.